ಇರುವವರ ಹಬ್ಬ

ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ,
ಹಂಸಗಳು ಕೊಲ್ಲಿ ಬಿಟ್ಟು ತೆಂಕಕ್ಕೆ ಹಾರಿದ ಮೇಲೆ
ಇವರು ಬರುತ್ತಾರೆ.
ಎಸ್ಟೋನಿಯಾದ ಈ ಕಡಲಂಚಿನ ಊರಿಗೆ
ದಿನಕ್ಕೆರಡೇ ಬಸ್ಸು. ಎರಡರಲ್ಲೂ ಇವರೇ:
ತಂತಿಯ ಸುರುಳಿ, ಗರಗಸ, ಒಡೆದ ಗಂಟೆ.
ಒಬ್ಬ ಹುಡುಗ ಚೀಲದ ತುಂಬ ಕಲ್ಲು ತಂದಿದ್ದ,
ನಮ್ಮ ತೀರದಲ್ಲಿ ಕಲ್ಲಿಗೆ ಬರವೇನೋ ಎಂಬಂತೆ.

ನಾನು ಹೆಲ್ವೆ. ಇಗರ್ಜಿಯ ಬೀಗದ ಕೈ ನನ್ನ ಸೊಂಟದಲ್ಲಿ.
ಒಲೆ ಹೊತ್ತಿಸುವುದು, ನೆಲದ ಮೇಣ ಕೆರೆಯುವುದು,
ಆರ್ಗನ್ನಿನ ಗಾಳಿಪೆಟ್ಟಿಗೆಗೆ ಇಲಿ ನುಗ್ಗದಂತೆ ಕಾಯುವುದು
ನನ್ನ ಕೆಲಸ. ಸಂಗೀತ ನನಗೆ ತಿಳಿಯದು.
ಇವರದಂತೂ ನನ್ನ ಬೆಕ್ಕಿಗೂ ತಿಳಿಯದು.

ಹಬ್ಬಕ್ಕೆ ಒಂದೇ ನಿಯಮ, ಬಾಗಿಲಿಗೆ ಅಂಟಿಸಿದ್ದಾರೆ:
ಬದುಕಿರುವವರ ಕೃತಿಗಳು ಮಾತ್ರ.
ಸತ್ತವರಿಗೆ ಉಳಿದ ಹನ್ನೊಂದು ತಿಂಗಳಿವೆ,
ಎನ್ನುತ್ತಾಳೆ ಕಾರ್ಯದರ್ಶಿ ಮಾರಿಟ್.
ಕಿಟಕಿಯಾಚೆ ಬರ್ಚ್ ಮರದಡಿ ಮಲಗಿದ ನನ್ನವರು
ಇದನ್ನು ಕೇಳಿಸಿಕೊಂಡರೋ ಏನೋ.

ಎಂದೆಲ್ ಲೌರ್‌ಗೆ ಎಂಬತ್ತಾರು.
ಗುರುವಾರ ಸಂಜೆ ತಾಲೀಮಿಗೆ ಬಂದ,
ಹದಿನೇಳು ಮೆಟ್ಟಿಲಿಗೆ ಮೂರು ಸಲ ಕೂತ.
ಜೇಬಿನಿಂದ ತೆಗೆದದ್ದು ಸೀಸದ ಗುಂಡು, ಮೀನುಬಲೆಯದು,
ಅವನಪ್ಪನ ಕಾಲದ್ದಂತೆ.
ಕೀಲಿಮಣೆಯ ಎಡತುದಿಯ ಬಿಳಿಪಟ್ಟಿಯ ಮೇಲಿಟ್ಟ.
ದನಿ ಎದ್ದಿತು. ಕಿವಿಗಲ್ಲ, ಪಾದಕ್ಕೆ.
ಕೆಳಗೆ ಒಲೆಯ ಮೇಲೆ ಕೆಟಲಿನ ಮುಚ್ಚಳ ನಡುಗಿತು.
"ಇದನ್ನು ತೆಗೆಯಬೇಡಿ," ಎಂದ ನನಗೆ,
"ನಾಳೆ ಮಿಕ್ಕವರು ಇದರ ಮೇಲೆ ಬಂದು ಕೂರುತ್ತಾರೆ."
ಇಡೀ ರಾತ್ರಿಯೇ? ಕರೆಂಟಿನ ಬಿಲ್ಲು?
ನಕ್ಕ. ಹಲ್ಲು ಪೂರ್ತಿ ಇರಲಿಲ್ಲ, ನಗು ಇತ್ತು.

ನಾನು ಮಲಗಿದ್ದು ಪಕ್ಕದ ಕೋಣೆಯಲ್ಲಿ.
ಗೋಡೆಯೊಳಗಿಂದ ಅದು ಬರುತ್ತಲೇ ಇತ್ತು,
ಹಟ್ಟಿಯಲ್ಲಿ ಹಸು ಮಗ್ಗುಲು ಬದಲಿಸಿದ ಹಾಗೆ,
ಗಂಡ ಇದ್ದಾಗ ಹಾಸಿಗೆಯ ಆ ಬದಿ
ಉಸಿರಾಡುತ್ತಿದ್ದ ಹಾಗೆ.
ಒಂಬತ್ತು ವರ್ಷದ ಮೇಲೆ ನಾನು
ಗೋಡೆಯ ಕಡೆ ತಿರುಗಿ ಮಲಗಿದೆ.

ಬೆಳಿಗ್ಗೆ ವಸತಿಗೃಹದಿಂದ ಸುದ್ದಿ ಬಂತು.
ಎಂದೆಲ್ ಏಳಲಿಲ್ಲ.

ಸಭೆ ಸೇರಿದ್ದು ಶಾಲೆಯ ಅಡುಗೆಮನೆಯಲ್ಲಿ. ಬಟಾಣಿ ಸಾರು ಕುದಿಯುತ್ತಿತ್ತು.
ಮಾರಿಟ್ ನಿಯಮದ ಹಾಳೆ ಮಡಿಸಿದಳು, ಬಿಡಿಸಿದಳು,
ಮತ್ತೆ ಮಡಿಸಿದಳು.
ಗೌರವ ಬೇರೆ, ನಿಯಮ ಬೇರೆ, ಎಂದ ಒಬ್ಬ.
ಅವನ ಬದಲಿಗೆ ಹತ್ತು ನಿಮಿಷ ಮೌನವಿಡೋಣ, ಎಂದ ಇನ್ನೊಬ್ಬ.
ಕಲ್ಲಿನ ಚೀಲದ ಹುಡುಗ ಮೂಲೆಯಲ್ಲಿ ಅಳುತ್ತಿದ್ದ,
ಯಾರಿಗೂ ಕಾಣದು ಎಂದುಕೊಂಡು.

ಮೌನ ಎಲ್ಲಿಂದ ತರುತ್ತೀರಿ, ಎಂದೆ ನಾನು.
ಸೌಟು ಕೈಯಲ್ಲೇ ಇತ್ತು.
ಅದು ಇನ್ನೂ ನುಡಿಯುತ್ತಿದೆ. ನಿನ್ನೆ ಸಂಜೆ ಆರಕ್ಕೆ
ಅವನೇ ಶುರು ಮಾಡಿದ್ದು. ಆಗ ಬದುಕಿದ್ದ.
ನಾನೇ ಕಂಡಿದ್ದೇನೆ, ಕೆಮ್ಮುತ್ತಿದ್ದ.
ಒಬ್ಬ ನಡುವೆ ಎದ್ದುಹೋದನೆಂದು
ಕಛೇರಿ ನಿಲ್ಲಿಸುತ್ತಾರೆಯೇ?

ಯಾರೂ ಮಾತಾಡಲಿಲ್ಲ.
ಕೊನೆಗೆ ಮಾರಿಟ್ ಸಾರಿಗೆ ಬಟ್ಟಲು ಚಾಚಿದಳು.

ಆ ಸಂಜೆ ಬಂದು ಕೂತರು ಅದರ ಮೇಲೆ
ಎರಡು ಪಿಟೀಲು, ಒಂದು ಗರಗಸ, ಕೊಳಲೂದುವ ದಪ್ಪ ಹೆಂಗಸು.
ಚೆನ್ನಾಗಿತ್ತೇ? ನನ್ನನ್ನು ಕೇಳಬೇಡಿ.
ನಡುವೆ ಒಂದು ಕಡೆ, ಹೆಪ್ಪುಗಟ್ಟುವ ಮೊದಲ ರಾತ್ರಿ
ಕೊಲ್ಲಿ ಮುಲುಗುತ್ತದಲ್ಲ, ಆ ಸದ್ದು ಬಂತು.
ಅದು ನನಗೆ ಗೊತ್ತು. ಮೀನುಗಾರನ ಮಗನಿಗೂ ಗೊತ್ತಿದ್ದೀತು.

ಮುಗಿದಾಗ ಸೀಸ ತೆಗೆಯಲು ಯಾರಿಗೂ ಕೈ ಬರಲಿಲ್ಲ.
ಬೀಗ ಹಾಕುವವಳು ನಾನೇ ತಾನೆ.
ಹದಿನೇಳು ಮೆಟ್ಟಿಲು. ನಾನೂ ಒಂದು ಸಲ ಕೂತೆ.
ಗುಂಡು ಬೆಚ್ಚಗಿತ್ತು; ದೀಪದ ಕಾವಿಗೇ ಇರಬೇಕು.
ಎತ್ತಿದೆ.

ಈಗ ಅದು ನನ್ನ ಏಪ್ರನ್ನಿನ ಜೇಬಿನಲ್ಲಿದೆ.
ನಡೆದರೆ ಒಂದು ಬದಿ ತುಸು ಜಗ್ಗುತ್ತದೆ.